ಬೇಬಿ ಬೆಟ್ಟದ ಕಾವಲು: ಹುಲ್ಲು, ಕಲ್ಲು, ಕುಳಿ

ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟ ಕಲ್ಲುಗಣಿಗಳ ಕಾರಣದಿಂದ ಸುದ್ದಿಗೆ ಬರುವ ಬಹಳ ಮೊದಲೇ ಅಮೃತಮಹಲ್ ಕಾವಲಾಗಿತ್ತು. ಬೇಬಿ ಎಂಬುದು ಅಲ್ಲಿಯ ಊರಿನ ಹೆಸರು. ಕಾವಲು ಎಂದರೆ ದನಗಳ ಮೇವಿಗಾಗಿ ಉಳುಮೆಗೆ ಕೊಡದೆ ಕಾಯ್ದಿಟ್ಟ ಹುಲ್ಲುಗಾವಲು. ಗಣಿಗಾರಿಕೆ ನಿಂತ ನೆಲವನ್ನು ಮತ್ತೆ ಬಳಕೆಗೆ ಬರುವಂತೆ ಮಾಡುವ ಕೆಲಸವನ್ನು ಸರ್ಕಾರಿ ಕಡತಗಳು ಪುನಶ್ಚೇತನ ಎಂದು ಕರೆಯುತ್ತವೆ. ಅಂಥ ಯೋಜನೆ ರೂಪಿಸುವವರು ಸಾಮಾನ್ಯವಾಗಿ ಕುಳಿಯ ಉದ್ದ, ಅಗಲ, ಆಳಗಳ ಅಳತೆಯಿಂದ ಆರಂಭಿಸುತ್ತಾರೆ. ಕುಳಿ ಬೀಳುವ ಮೊದಲು ಆ ನೆಲ ಏನಾಗಿತ್ತು, ಅದನ್ನು ನಂಬಿ ಯಾರು ಬದುಕಿದ್ದರು ಎಂಬ ಪ್ರಶ್ನೆ ಕಡತದೊಳಕ್ಕೆ ಬಾರದಿದ್ದರೆ ಯೋಜನೆ ಕುಳಿಯದಾಗುತ್ತದೆ, ನೆಲದ್ದಾಗುವುದಿಲ್ಲ. ಬೇಬಿ ಬೆಟ್ಟದ ಪರಿಸರದ ಸ್ಥಿತಿಯನ್ನು ಅರಿಯಬೇಕಾದರೆ ಹುಲ್ಲಿನ ಕಾಲ, ಉಳಿಯ ಕಾಲ, ಮದ್ದಿನ ಕಾಲ ಎಂಬ ಮೂರು ಘಟ್ಟಗಳನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಕಾವಲುಗಳ ಚರಿತ್ರೆ ಮೈಸೂರು ಅರಸು ಮನೆತನದ ಆಡಳಿತದೊಂದಿಗೆ ಬೆಸೆದುಕೊಂಡಿದೆ. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗಾಗಿ ಇದ್ದ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂಬ ಹೆಸರಿತ್ತು. ಹೈದರಾಲಿಯ ಕಾಲದಲ್ಲಿ ಈ ಹಿಂಡುಗಳು ಬೆಳೆದು, ಟಿಪ್ಪು ಸುಲ್ತಾನನ ಕಾಲದಲ್ಲಿ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂದಿತು. ತೋಪುಗಳನ್ನೂ ಸೈನ್ಯದ ಸಾಮಗ್ರಿಗಳನ್ನೂ ಎಳೆಯುವ ವೇಗದ ಎತ್ತುಗಳನ್ನು ಸಾಕಲು ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಇನ್ನೊಂದು ಎಂಬಂತೆ ಕಾವಲುಗಳನ್ನು ವಿಂಗಡಿಸಲಾಗಿತ್ತು. ಹಿಂಡು ಒಂದು ಕಡೆಯಿಂದ ಮತ್ತೊಂದು ಕಡೆಗೆ ಸಾಗಿದಾಗ ಹಿಂದೆ ಬಿಟ್ಟ ನೆಲದಲ್ಲಿ ಹುಲ್ಲು ಮತ್ತೆ ಚಿಗುರುತ್ತಿತ್ತು. ಮಳೆ ಕಡಿಮೆ ಬೀಳುವ, ಬಂಡೆಯ ಮೇಲೆ ತೆಳ್ಳಗೆ ಮಣ್ಣು ಹರಡಿರುವ ಇಂಥ ಗುಡ್ಡಗಳಿಗೆ ಇದಕ್ಕಿಂತ ಹೊಂದುವ ಬಳಕೆ ಬಹುಶಃ ಬೇರೆ ಇರಲಾರದು. 1799ರಲ್ಲಿ ಟಿಪ್ಪು ಮಡಿದ ನಂತರ ಹಿಂಡುಗಳು ಇಂಗ್ಲಿಷರ ಕೈಸೇರಿದವು. ಖರ್ಚು ತಗ್ಗಿಸುವ ನೆಪದಲ್ಲಿ 1860ರಲ್ಲಿ ಅವನ್ನು ಮಾರಿದ ಸರ್ಕಾರ, ತಪ್ಪಿನ ಅರಿವಾಗಿ 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಇಷ್ಟು ಕಾಳಜಿಯಿಂದ ಕಾಯ್ದ ನೆಲಗಳು ಇಪ್ಪತ್ತನೆಯ ಶತಮಾನದಲ್ಲಿ ದಾಖಲೆಗಳಲ್ಲಿ ಹೆಸರಾಗಿ ಉಳಿದು, ನೆಲದ ಮೇಲೆ ಕರಗುತ್ತ ಬಂದವು. ಬೇಬಿ ಬೆಟ್ಟದ ಕಾವಲಿನ ಒಡೆತನದ ಬಗ್ಗೆ ಮೈಸೂರಿನ ರಾಜವಂಶಸ್ಥರೂ ಹಕ್ಕು ಮಂಡಿಸಿರುವುದರಿಂದ ಅಲ್ಲಿಯ ದಾಖಲೆಗಳ ಕಥೆ ಇನ್ನಷ್ಟು ಜಟಿಲವಾಗಿದೆ.

ಕಾವಲು ಕಿರಿದಾದರೂ ದನಗಳ ನೆನಪು ಅಲ್ಲಿಂದ ಅಳಿದಿಲ್ಲ. ಸುಗ್ಗಿ ಮುಗಿದ ಮೇಲೆ ಬೇಬಿ ಬೆಟ್ಟದಲ್ಲಿ ಸೇರುವ ಮಹದೇಶ್ವರ ಮತ್ತು ಸಿದ್ದಲಿಂಗೇಶ್ವರ ಸ್ವಾಮಿಯ ದನಗಳ ಜಾತ್ರೆ ಹಳೆ ಮೈಸೂರು ಪ್ರಾಂತದ ಹೆಸರಾಂತ ಜಾತ್ರೆಗಳಲ್ಲಿ ಒಂದಾಗಿದ್ದು, ಹಳ್ಳಿಕಾರ್ ತಳಿಯ ಜೋಡಿಗಳನ್ನು ಸಿಂಗರಿಸಿ, ಚಪ್ಪರ ಹಾಕಿ, ಹಲ್ಲು ನೋಡಿ, ಸುಳಿ ನೋಡಿ ವ್ಯಾಪಾರ ಕುದುರಿಸುವ ಪದ್ಧತಿ ಅಲ್ಲಿ ಇಂದಿಗೂ ಉಳಿದಿದೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರನ್ನೇ ಪಡೆದ ಬಂಡೂರು ಕುರಿಯ ತಳಿಯೂ ಇದೇ ಸೀಮೆಯ ಒಣಗುಡ್ಡಗಳ ಹುಲ್ಲಿನಿಂದ ರೂಪುಗೊಂಡದ್ದು. ಹೀಗಿರುವಾಗ ಸರ್ಕಾರಿ ನಕ್ಷೆಗಳಲ್ಲಿ ಬಂಜರು ಎಂದು ಬರೆಸಿಕೊಂಡ ನೆಲವೆಲ್ಲ ಬಂಜರಲ್ಲ. ಹಾಗೆ ಬರೆದದ್ದರಿಂದಲೇ ಎಷ್ಟೋ ಗೋಮಾಳಗಳು ಗುತ್ತಿಗೆಗೆ ಹೋದವು.

ಇನ್ನು ಕಲ್ಲಿನ ಮಾತು. ಮಂಡ್ಯ ಜಿಲ್ಲೆಯ ಬಹುಭಾಗದ ತಳದಲ್ಲಿರುವುದು ನೈಸ್ ಎಂಬ ಶಿಲೆ. ಅಪಾರ ಶಾಖ ಮತ್ತು ಒತ್ತಡಗಳಲ್ಲಿ ರೂಪಾಂತರಗೊಂಡು ಕಪ್ಪು ಬಿಳುಪು ಪಟ್ಟೆಗಳಾಗಿ ಗಟ್ಟಿಯಾದ ಈ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷಗಳು. ಮದ್ದೂರು ಮಳವಳ್ಳಿಗಳ ಪೂರ್ವದಂಚಿಗೆ ಹೋದಂತೆ ಇದಕ್ಕಿಂತ ಕಿರಿಯದಾದ, ಸುಮಾರು 250 ಕೋಟಿ ವರ್ಷಗಳ ಹಿಂದಿನ ಗ್ರಾನೈಟ್ ಪಟ್ಟಿ ಎದುರಾಗುತ್ತದೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆದರು. ಪಾಂಡವಪುರದ ಹಳೆಯ ಹೆಸರುಗಳಲ್ಲಿ ಒಂದು ಫ್ರೆಂಚ್ ರಾಕ್ಸ್. ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಆ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಬಂದ ಹೆಸರದು. ಊರುಗಳ ಹೆಸರನ್ನೂ ಬಂಡೆಗಳೇ ನಿರ್ಣಯಿಸಿದ ಸೀಮೆಯಲ್ಲಿ ಕಲ್ಲಿನ ಕಸುಬು ಬಹಳ ಪ್ರಾಚೀನವಾದುದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949-50ರ ಶಾಸನವು ತಕ್ಕೋಲದ ಯುದ್ಧದ ಸಂದರ್ಭದ ಜೊತೆಗೆ ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಯ ನೆನಪನ್ನೂ ಕಲ್ಲಿನಲ್ಲಿ ಕಾದಿಟ್ಟಿದೆ. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಕಟ್ಟಿದ ಮಲ್ಲಿಕಾರ್ಜುನ ದೇವಾಲಯಕ್ಕೆ ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಸುಲಭವಾಗಿ ಕೆತ್ತನೆಗೆ ಬಗ್ಗುವ ಬಳಪದ ಕಲ್ಲನ್ನು. ಗಟ್ಟಿ ಬಂಡೆಯ ಪಾಲಿಗೆ ಬಂದದ್ದು ಕೋಟೆ, ಕಟ್ಟೆ, ತೂಬು, ಕಂಬ, ಚಪ್ಪಡಿಗಳ ಕೆಲಸ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯೂ, ಮಳವಳ್ಳಿಯ ಅಂಚಿನ ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಸೇತುವೆಗಳೂ ಒರಟು ಕಲ್ಲುಕಂಬಗಳನ್ನೇ ನದಿಯಲ್ಲಿ ನೆಟ್ಟು ಮೇಲೆ ತೊಲೆ ಹಾಸಿದ ರಚನೆಗಳು.

ಯಂತ್ರ ಬರುವ ಮೊದಲು ಬಂಡೆ ಬಿಡಿಸುತ್ತಿದ್ದ ಕ್ರಮ ತಾಳ್ಮೆಯ ಕೆಲಸವಾಗಿತ್ತು. ಕಲ್ಲು ಒಡ್ಡರು ಎಂದು ಹಿಂದೆ ಕರೆಯಲಾಗುತ್ತಿದ್ದ ಭೋವಿ ಸಮುದಾಯದ ಕುಶಲಕರ್ಮಿಗಳು ಬಂಡೆಯ ಮೇಲೆ ಸುತ್ತಿಗೆಯಿಂದ ತಟ್ಟಿ, ಅದು ಕೊಡುವ ದನಿಯಿಂದ ಒಳಗಿನ ಪದರ ಎತ್ತ ಓಡಿದೆ ಎಂದು ಅರಿಯುತ್ತಿದ್ದರು. ತೆಳುವಾದ ಚಪ್ಪಡಿ ಬೇಕಿದ್ದರೆ ಬಂಡೆಯ ಮೈಮೇಲೆ ಸೌದೆಯನ್ನು ಸಾಲಾಗಿ ಹೊತ್ತಿಸಿ, ಬೆಂಕಿಯನ್ನು ನಿಧಾನವಾಗಿ ಮುಂದೆ ಸರಿಸುತ್ತ ಹೋದಂತೆ ಬಿಸಿಗೆ ಹಿಗ್ಗಿದ ಮೇಲ್ಪದರ ತಾನಾಗಿ ಎದ್ದು ಬರುತ್ತಿತ್ತು. ಬೆಂಗಳೂರಿನ ಸುತ್ತ ಕಂಡ ಈ ವಿಧಾನ 1895ರಲ್ಲಿ ಇಂಗ್ಲೆಂಡಿನ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿಯೂ ವರ್ಣಿತವಾಯಿತು. ದಪ್ಪ ಕಲ್ಲಾದರೆ ಉಳಿಯಿಂದ ಗೇಣು ಗೇಣು ಅಂತರದಲ್ಲಿ ಬೆರಳುದ್ದದ ಕುಳಿಗಳನ್ನು ಸಾಲಾಗಿ ಹೊಡೆದು, ಅವುಗಳಲ್ಲಿ ಬೆಣೆ ಇಳಿಸಿ, ಚಮ್ಮಟಿಗೆಯಿಂದ ಒಂದಾದ ಮೇಲೊಂದಕ್ಕೆ ಪೆಟ್ಟು ಕೊಡುತ್ತ ಬಂದರೆ ಬಂಡೆ ದಾರ ಹಿಡಿದಂತೆ ಸೀಳುತ್ತಿತ್ತು. ಜಿಲ್ಲೆಯ ಹಳೆಯ ಬಂಡೆಗಳ ಅಂಚಿನಲ್ಲಿ ಇಂದಿಗೂ ಹಲ್ಲಿನ ಸಾಲಿನಂತೆ ಕಾಣುವ ಆ ಗುಳಿಗಳು ಆ ಕಾಲದ ಸಹಿ. ಅದೇ ಬಂಡೆಯ ಪಕ್ಕದಲ್ಲಿ ಯಂತ್ರದ ಕಾಲ ತನ್ನ ಗುರುತನ್ನು ಬೇರೆ ರೀತಿ ಬಿಟ್ಟಿರುತ್ತದೆ: ಮೇಲಿನಿಂದ ತಳದವರೆಗೆ ನೆಟ್ಟಗೆ ಇಳಿದ, ಕೊಳವೆಯನ್ನು ಉದ್ದಕ್ಕೆ ಸೀಳಿಟ್ಟಂತಿರುವ ಅರ್ಧವೃತ್ತದ ಗೀರುಗಳು, ಡ್ರಿಲ್ಲಿಂಗ್ ಯಂತ್ರ ಕೊರೆದ ಕುಳಿಯ ಅರೆಭಾಗ ಗೋಡೆಯಲ್ಲಿ ಉಳಿದು, ಇನ್ನರ್ಧ ಮದ್ದಿನೊಂದಿಗೆ ಸಿಡಿದು ಹೋದುದರ ಗುರುತು. ಬೆರಳುದ್ದದ ಗುಳಿಗೂ ಆಳೆತ್ತರವನ್ನು ಮೀರಿದ ಈ ಗೀರಿಗೂ ನಡುವಿನ ವ್ಯತ್ಯಾಸವೇ ಜಿಲ್ಲೆಯ ಕಲ್ಲುಗಣಿಗಳ ಪರಿಸರ ಚರಿತ್ರೆಯ ಸಾರ.

ಈ ಚರಿತ್ರೆಯ ನಡುವೆ ನಿಂತಿರುವುದು ಕೃಷ್ಣರಾಜಸಾಗರ, ಅಂದರೆ ಕನ್ನಂಬಾಡಿ ಕಟ್ಟೆ. 1911ರಲ್ಲಿ ಆರಂಭವಾಗಿ ಎರಡು ದಶಕಗಳ ಕಾಲ ನಡೆದ ಕೃಷ್ಣರಾಜಸಾಗರದ ನಿರ್ಮಾಣದಲ್ಲಿ ಕಲ್ಲುಗಳನ್ನು ಬೆಸೆಯಲು ಬಳಸಿದ್ದು ಸಿಮೆಂಟನ್ನಲ್ಲ, ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿ ಅರೆದ ಸುರ್ಕಿ ಗಾರೆಯನ್ನು. ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿ ರೂಪಿಸಿದ, ಸುಮಾರು 2,620 ಮೀಟರ್ ಉದ್ದದ ಈ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರು ಪಡೆದು, ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಒಣಭೂಮಿಗೆ ನೀರು ತಂದಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾದದ್ದೂ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದೂ ಈ ನೀರಿನ ಬಲದಿಂದ. ಮಳವಳ್ಳಿಯ ಕೊನೆಯಂಚಿನ ಗದ್ದೆಯಲ್ಲಿ ನಾಟಿ ಹಾಕುವ ರೈತನಿಗೂ ಪಾಂಡವಪುರದ ಬೆಟ್ಟದಲ್ಲಿ ಸಿಡಿಯುವ ಮದ್ದಿಗೂ ಸಂಬಂಧ ಏರ್ಪಡುವುದು ಈ ಕಟ್ಟೆಯ ಮೂಲಕವೇ.

ಬೆಂಗಳೂರು ಮತ್ತು ಮೈಸೂರು ನಗರಗಳು ಬೆಳೆದಂತೆ, ನದಿಯ ಮರಳಿಗೆ ನಿರ್ಬಂಧ ಬಿದ್ದು ಕಲ್ಲನ್ನು ಪುಡಿಮಾಡಿದ ಎಂ-ಸ್ಯಾಂಡ್‌ಗೆ ಬೇಡಿಕೆ ಏರಿದಂತೆ, ಸೈಜುಗಲ್ಲಿನ ಗಣಿಗಳು ಜಲ್ಲಿ ಕ್ರಷರ್‌ಗಳ ಗಣಿಗಳಾಗಿ ಬದಲಾದವು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯಂಥ ಕಾಮಗಾರಿಗಳು ನುಂಗುವ ಜಲ್ಲಿಯ ಪ್ರಮಾಣವನ್ನು ಉಳಿ ಸುತ್ತಿಗೆಗಳ ಕಸುಬು ಊಹಿಸಲೂ ಸಾಧ್ಯವಿರಲಿಲ್ಲ. ಸ್ಥಳೀಯರು ಮೆಗ್ಗರ್ ಬ್ಲಾಸ್ಟ್ ಎಂದು ಕರೆಯುವ, ಆಳದ ಕುಳಿಗಳನ್ನು ಸಾಲಾಗಿ ಕೊರೆದು ಮದ್ದು ತುಂಬಿ ವಿದ್ಯುತ್ತಿನಿಂದ ಸಿಡಿಸುವ ವಿಧಾನ ಬಂದದ್ದು ಈ ಹಂತದಲ್ಲಿ. ಮದ್ದಿನ ಶಕ್ತಿ ಪೂರ್ತಿಯಾಗಿ ಕಲ್ಲು ಒಡೆಯುವುದಕ್ಕೇ ವ್ಯಯವಾಗುವುದಿಲ್ಲ. ಒಂದು ಪಾಲು ನೆಲದೊಳಗೆ ಕಂಪನವಾಗಿ, ಇನ್ನೊಂದು ಪಾಲು ಗಾಳಿಯಲ್ಲಿ ಸದ್ದಿನ ಅಲೆಯಾಗಿ ಹೊರಡುತ್ತದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಹೊರಡಿಸಿದ ಮಾನದಂಡದಂತೆ, ಸೆಕೆಂಡಿಗೆ 8 ಆವರ್ತಕ್ಕಿಂತ ಕಡಿಮೆಯ ನಿಧಾನ ಕಂಪನದಲ್ಲಿ ವಾಸದ ಮನೆಗಳ ಬಳಿ ನೆಲದ ಕಣದ ವೇಗ ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. ಐತಿಹಾಸಿಕ ಹಾಗೂ ಸೂಕ್ಷ್ಮ ಕಟ್ಟಡಗಳ ಬಳಿ ಮಿತಿ 2 ಮಿಲಿಮೀಟರ್ ಮಾತ್ರ.

2018ರ ಸೆಪ್ಟೆಂಬರ್ 25ರಂದು ಕೃಷ್ಣರಾಜಸಾಗರದ ಸುತ್ತ ಭಾರೀ ಸದ್ದು ಕೇಳಿಸಿ ಜನ ಬೆಚ್ಚಿದಾಗ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತನ್ನ ಕಂಪನಮಾಪಕಗಳ ದಾಖಲೆಯನ್ನು ಪರಿಶೀಲಿಸಿ, ಅದು ಭೂಕಂಪವಲ್ಲ, ಕಲ್ಲುಗಣಿಗಳ ಸ್ಫೋಟದಿಂದ ಉಂಟಾದದ್ದಿರಬೇಕು ಎಂಬ ಅಭಿಪ್ರಾಯ ಕೊಟ್ಟಿತು. ಅಲ್ಲಿಂದ ಮುಂದೆ ಬೇಬಿ ಬೆಟ್ಟ ಎಂಬ ಹೆಸರು ಜಿಲ್ಲೆಯ ಗಡಿ ದಾಟಿತು. ಗಣಿಸ್ಫೋಟದಿಂದ ಕಟ್ಟೆಗೆ ಅಪಾಯವಿದೆಯೇ ಎಂಬ ವಿಷಯ 2021ರಲ್ಲಿ ರಾಜಕೀಯದ ಕಾವು ಪಡೆಯಿತು. 2022ರ ಜುಲೈನಲ್ಲಿ ಧನಬಾದ್‌ನ ಕೇಂದ್ರೀಯ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆಯ ತಜ್ಞರು ಪರೀಕ್ಷಾರ್ಥ ಸ್ಫೋಟಕ್ಕೆಂದು ಬಂದಾಗ, ಕಟ್ಟೆಯ ಮೇಲೆ ಪ್ರಯೋಗ ಮಾಡುವುದೇ ಬೇಡವೆಂದು ರೈತಸಂಘಟನೆಗಳು ಪ್ರತಿಭಟಿಸಿ ಅದನ್ನು ತಡೆದವು. 2024ರಲ್ಲಿ ಮತ್ತೆ ಅದೇ ಪ್ರಯತ್ನ, ಮತ್ತೆ ಅದೇ ಪ್ರತಿರೋಧ ನಡೆಯಿತು. ಅಳೆಯದೆ ಸತ್ಯ ತಿಳಿಯದು ಎಂಬ ವಿಜ್ಞಾನದ ನಿಲುವಿನಲ್ಲಿಯೂ, ನೂರು ವರ್ಷದ ಗಾರೆಯ ಕಟ್ಟೆಯನ್ನು ಪ್ರಯೋಗದ ವಸ್ತುವಾಗಿಸಬಾರದು ಎಂಬ ರೈತರ ನಿಲುವಿನಲ್ಲಿಯೂ ಅರ್ಥವಿತ್ತು. ಆದರೆ ತಪ್ಪಿನ ಬೆಲೆ ತೆರಬೇಕಾದವರು ನಾಲೆಯ ಕೆಳಗಿನ ಜನ ಎಂಬುದರಿಂದ ಎರಡನೆಯದರ ತೂಕ ಹೆಚ್ಚು. ಇದರ ನಡುವೆ, 2024ರ ಜನವರಿ 8ರಂದು ಕರ್ನಾಟಕ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 2021ರ ಅಣೆಕಟ್ಟೆ ಸುರಕ್ಷತಾ ಕಾಯಿದೆಯಡಿ ಅಧ್ಯಯನ ನಡೆಯುವವರೆಗೆ ಕಟ್ಟೆಯ ಸುತ್ತಲಿನ 20 ಕಿಲೋಮೀಟರ್ ವ್ಯಾಪ್ತಿಯೊಳಗೆ ಗಣಿಗಾರಿಕೆ ನಡೆಸಬಾರದೆಂದು ಆದೇಶಿಸಿತು.

ಸ್ಫೋಟ ನಿಂತಾಗ ಸದ್ದು ಅಡಗುತ್ತದೆ, ಕುಳಿ ಉಳಿಯುತ್ತದೆ. ಇಂಥ ನಿಂತ ಗಣಿಯ ಸ್ಥಿತಿಯನ್ನು ಅಳೆಯುವಾಗ ಮೊದಲು ನೋಡಬೇಕಾದದ್ದು ನೀರನ್ನು. ಗಟ್ಟಿ ಶಿಲೆಯ ನಾಡಿನಲ್ಲಿ ಅಂತರ್ಜಲ ಇರುವುದು ಬಂಡೆಯ ಬಿರುಕುಗಳಲ್ಲಿ. ಗಣಿ ಆಳಕ್ಕಿಳಿದಂತೆ ಆ ಬಿರುಕುಗಳನ್ನು ಕತ್ತರಿಸಿ ಸುತ್ತಲಿನ ಬಾವಿಗಳ ನೀರನ್ನು ತನ್ನ ಕಡೆಗೆ ಸೆಳೆಯುತ್ತದೆ, ಕೆಲಸ ನಡೆಯುವಷ್ಟು ದಿನವೂ ಪಂಪು ಅದನ್ನು ಹೊರಹಾಕುತ್ತದೆ. ಕೆಲಸ ನಿಂತ ಮೇಲೆ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸುಮಾರು 700 ಮಿಲಿಮೀಟರ್ ಮಳೆಯ, ಅದರಲ್ಲಿಯೂ ಸೆಪ್ಟೆಂಬರ್ ಅಕ್ಟೋಬರಿನ ಸುರಿತಕ್ಕೆ ಕುಳಿ ತುಂಬಿ, ಮೇಲಿನಿಂದ ನೋಡಿದವರಿಗೆ ಹಸಿರುಗಪ್ಪಾದ ಕಲ್ಯಾಣಿಯಂತೆ ತೋರುತ್ತದೆ. ಕಲ್ಯಾಣಿಗೆ ಮೆಟ್ಟಿಲಿರುತ್ತದೆ, ಇಲ್ಲಿ ನೆಟ್ಟಗಿನ ಗೋಡೆಯಿಂದ ನೀರು ನೇರವಾಗಿ ಆಳಕ್ಕಿಳಿಯುವುದರಿಂದ ಜಾರಿಬಿದ್ದ ಹುಡುಗನಿಗಾಗಲಿ ನೀರಿಗೆ ಬಗ್ಗಿದ ದನಕ್ಕಾಗಲಿ ಹಿಡಿಯಲು ಆಸರೆಯಿರುವುದಿಲ್ಲ. ಮದ್ದಿನ ಮುಖ್ಯ ಘಟಕವಾದ ಅಮೋನಿಯಂ ನೈಟ್ರೇಟ್‌ನ ಉಳಿಕೆ ಈ ನೀರಿನಲ್ಲಿ ಕರಗಿದ್ದರೆ ಪಾಚಿ ದಟ್ಟವಾಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬ ಭಾರತೀಯ ಮಾನದಂಡದ ಪರೀಕ್ಷೆ ಆಗದೆ ಅಂಥ ನೀರನ್ನು ಊರಿಗೆ ಹರಿಸುವುದು ಸರಿಯಲ್ಲ.

ಎರಡನೆಯದು ದೂಳು. ಗ್ರಾನೈಟ್ ಮತ್ತು ನೈಸ್‌ಗಳಲ್ಲಿ ಬೆಣಚಿನ, ಅಂದರೆ ಸಿಲಿಕಾದ ಅಂಶ ಅಧಿಕ. ಅದರ ಅತಿಸೂಕ್ಷ್ಮ ಕಣ ಶ್ವಾಸಕೋಶದ ಆಳಕ್ಕೆ ಹೋಗಿ ಕೂತು, ವರ್ಷಗಳ ನಂತರ ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆ ತರುತ್ತದೆ. 2009ರ ರಾಷ್ಟ್ರೀಯ ವಾಯುಗುಣಮಟ್ಟದ ಮಾನದಂಡವು ಹತ್ತು ಮೈಕ್ರಾನ್‌ವರೆಗಿನ ಕಣಗಳಿಗೆ ದಿನದ ಸರಾಸರಿ ಮಿತಿಯನ್ನು ಘನ ಮೀಟರಿಗೆ 100 ಮೈಕ್ರೋಗ್ರಾಂ ಎಂದು ನಿಗದಿಪಡಿಸಿದೆ. ಕ್ರಷರ್ ನಿಂತ ಮೇಲೂ ಪುಡಿಯ ರಾಶಿ ಅಲ್ಲಿಯೇ ಬಿದ್ದಿದ್ದರೆ ಬೇಸಿಗೆಯ ಗಾಳಿ ಅದನ್ನು ಊರ ಮೇಲೆ, ಹಿಪ್ಪುನೇರಳೆಯ ಸೊಪ್ಪಿನ ಮೇಲೆ ತಂದು ಹಾಕುತ್ತದೆ. ದೂಳು ಕೂತ ಸೊಪ್ಪು ರೇಷ್ಮೆಹುಳುವಿಗೆ ಹಿಡಿಸದು.

ಮೂರನೆಯದು ಮಣ್ಣು, ಪುನಶ್ಚೇತನದ ಸೋಲು ಗೆಲುವುಗಳೆಲ್ಲ ಇದರ ಮೇಲೆ ನಿಂತಿವೆ. ಗಣಿ ತೆರೆಯುವಾಗ ಮೇಲ್ಮಣ್ಣನ್ನು ಪ್ರತ್ಯೇಕವಾಗಿ ಗುಡ್ಡೆ ಹಾಕಿ ಕಾಯ್ದಿಡಬೇಕು. ಹಾಗೆ ಮಾಡದ ಕಡೆ ಉಳಿಯುವುದು ಸತ್ವವಿಲ್ಲದ ಕಲ್ಲಪುಡಿ ಮತ್ತು ಒರಟು ಚೂರುಗಳು. ಅದರ ಮೇಲೆ ಮೊದಲು ಬೇರೂರುವುದು ಲಂಟಾನ, ಪಾರ್ಥೇನಿಯಂ, ಬಳ್ಳಾರಿ ಜಾಲಿ. ದೂರದಿಂದ ಹಸಿರಾಗಿ ಕಂಡರೂ ದನ ಬಾಯಿಡುವ ಹುಲ್ಲು ಅಲ್ಲಿರುವುದಿಲ್ಲ.

ಕಾನೂನಿನ ಕೊರತೆ ಇದಕ್ಕೆ ಕಾರಣವಲ್ಲ. 2012ರ ಫೆಬ್ರವರಿ 27ರಂದು ದೀಪಕ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗಳಿಗೂ ಪರಿಸರ ಅನುಮತಿ ಕಡ್ಡಾಯವೆಂದು ಹೇಳಿದ ಮೇಲೆ, ಗಣಿ ಮುಚ್ಚುವ ಯೋಜನೆಯೂ ಗಣಿ ತೆರೆಯುವ ಅರ್ಜಿಯ ಭಾಗವಾಯಿತು. ಬಳ್ಳಾರಿಯ ಕಬ್ಬಿಣದ ಗಣಿಗಳಲ್ಲಿ ಇದೇ ನ್ಯಾಯಾಲಯ ಒಂದೊಂದು ಗುತ್ತಿಗೆಗೂ ಪ್ರತ್ಯೇಕ ಪುನಶ್ಚೇತನ ಯೋಜನೆಯನ್ನು ಕಡ್ಡಾಯಗೊಳಿಸಿ ಅನಂತರವೇ ಕೆಲಸಕ್ಕೆ ದಾರಿ ಬಿಟ್ಟಿತು. ಅಕ್ರಮವಾಗಿ ತೋಡಿದ ಕುಳಿಗೆ ಮಾತ್ರ ಅರ್ಜಿಯೂ ಇಲ್ಲ, ಮುಚ್ಚುವ ಯೋಜನೆಯೂ ಇಲ್ಲ. ಅದರ ಹೊಣೆ ಕೊನೆಗೆ ಊರಿನ ಮೇಲೆಯೇ ಬೀಳುತ್ತದೆ. ಬೆಂಗಳೂರಿನ ಮಿಟ್ಟಗಾನಹಳ್ಳಿ, ಬೆಳ್ಳಹಳ್ಳಿಗಳ ಹಳೆಯ ಕ್ವಾರಿಗಳು ನಗರದ ಕಸದ ಗುಂಡಿಗಳಾದ ಉದಾಹರಣೆ ಕಣ್ಣೆದುರಿಗಿದ್ದು, ಕುಳಿ ತುಂಬಿಸುವುದೊಂದೇ ಗುರಿಯಾದರೆ ಬಿರುಕಿನ ಬಂಡೆಯ ಮೂಲಕ ಕೊಳಕು ನೀರು ಅಂತರ್ಜಲಕ್ಕಿಳಿಯುವ ಅಪಾಯವನ್ನು ಅದು ತೋರಿಸಿದೆ.

ಬೇಬಿ ಬೆಟ್ಟದಂಥ ಕಾವಲಿಗೆ ಒಪ್ಪುವ ಪುನಶ್ಚೇತನದ ಸಾಮಗ್ರಿ ಜಿಲ್ಲೆಯೊಳಗೇ ದೊರೆಯುತ್ತದೆ. ಕೆರೆಯ ಗೋಡನ್ನು ಗಾಡಿಯಲ್ಲಿ ಹೊಡೆದು ಹೊಲಕ್ಕೆ ಹಾಕುವುದು ಇಲ್ಲಿಯ ರೈತರ ಹಳೆಯ ಪದ್ಧತಿ. ಸಕ್ಕರೆ ಕಾರ್ಖಾನೆಗಳ ಪ್ರೆಸ್‌ಮಡ್ ಅನ್ನು, ಅಂದರೆ ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿಯನ್ನು, ಗೊಬ್ಬರವಾಗಿ ಬಳಸುವುದೂ ಅವರಿಗೆ ಹೊಸದಲ್ಲ. ಇವೆರಡನ್ನೂ ಕಲ್ಲಪುಡಿಯೊಂದಿಗೆ ಬೆರೆಸಿ ಹರಡಿದರೆ ನೀರು ಹಿಡಿದುಕೊಳ್ಳುವ ಮಣ್ಣಿನ ಮೊದಲ ಪದರ ಕೂಡಿಬರುತ್ತದೆ. ನೆಟ್ಟಗಿನ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು, ಕುಳಿಯ ಒಂದು ಪಕ್ಕದಲ್ಲಾದರೂ ದನ ಇಳಿದು ಹತ್ತುವಷ್ಟು ಇಳಿಜಾರು ಮಾಡುವುದು, ಉಳಿದ ಮೂರು ಪಕ್ಕಕ್ಕೆ ಬೇಲಿ ಕಟ್ಟುವುದು, ಸ್ಫೋಟದ ಬದಲು ಯಂತ್ರದ ಸುತ್ತಿಗೆಯಿಂದಲೇ ಈ ಕೆಲಸ ಮುಗಿಸುವುದು ಮುಂದಿನ ಹೆಜ್ಜೆಗಳು. ಸಸಿ ನೆಡುವ ಉತ್ಸಾಹದಲ್ಲಿ ಇಡೀ ಕಾವಲಿಗೆ ನೀಲಗಿರಿ ತುಂಬುವುದು ಇನ್ನೊಂದು ಬಗೆಯ ಹಾನಿಯಾದೀತು. ಅಂಚಿನಲ್ಲಿ ಹೊಂಗೆ, ಬೇವು, ಆಲ, ಅತ್ತಿ, ಗೋಣಿ ನಿಂತು, ಬಯಲಿನಲ್ಲಿ ಹುಲ್ಲೇ ಹುಲ್ಲಾಗಿರುವುದು ಆ ನೆಲದ ಸ್ವಭಾವ. ಬಿತ್ತಿದ ಹುಲ್ಲು ಬೇರು ಹಿಡಿಯುವವರೆಗೆ ಎರಡು ಮೂರು ಮಳೆಗಾಲ ದನ ಬಿಡದೆ ಕಾಯಬೇಕಾಗುವುದರಿಂದ, ಆ ಕಾಲಕ್ಕೆ ಮೇವಿನ ಏರ್ಪಾಡೂ ಯೋಜನೆಯ ಖರ್ಚಿನಲ್ಲಿ ಸೇರಬೇಕು. ಹಿಂಡನ್ನು ಸರದಿಯಂತೆ ಸಾಗಿಸುತ್ತಿದ್ದ ಅಮೃತಮಹಲ್ ಇಲಾಖೆಯ ಹಳೆಯ ಕ್ರಮವೂ ಹೇಳುವುದು ಇದನ್ನೇ. ಕಲ್ಲಿನ ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಈ ಮೆಟ್ಟಿಲು, ಬೇಲಿ, ಕಟ್ಟೆಗಳ ಕೂಲಿಯಲ್ಲಿ ಮೊದಲ ಪಾಲು ಸಲ್ಲುವುದು ನ್ಯಾಯ, ಏಕೆಂದರೆ ಆ ಬಂಡೆಯ ಪದರ ಎತ್ತ ಓಡಿದೆ ಎಂಬುದನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಉಳಿಯ ಗುಳಿಗಳಿರುವ ಒಂದೆರಡು ಹಳೆಯ ಬಂಡೆಗಳನ್ನು ಮುಟ್ಟದೆ ಹಾಗೆಯೇ ಉಳಿಸಿ, ತುಂಬಿದ ಕುಳಿಯೊಂದರ ನೀರನ್ನು ಪರೀಕ್ಷಿಸಿ ತೊಟ್ಟಿಗಳಿಗೆ ಹಾಯಿಸಿದರೆ, ಬೇಸಿಗೆಯ ಹೊಸ್ತಿಲಲ್ಲಿ ಸೇರುವ ಜಾತ್ರೆಗೆ ಬಂದಿಳಿದ ಹಳ್ಳಿಕಾರ್ ಜೋಡಿಗಳಿಗೆ ಟ್ಯಾಂಕರ್ ಕಾಯುವ ಪಾಡು ತಪ್ಪುತ್ತದೆ.